ದಾನಚಿಂತಾಮಣಿ ಅತ್ತಿಮಬ್ಬೆ

ಜಿನಬಿಂಬ ಪ್ರತಿಷ್ಠೆಯ ಶುಭಸಂದರ್ಭದಲ್ಲಿ ಪೂರ್ವಕಾಲದ ಬಸದಿಗಳನ್ನು ಕಟ್ಟಿಸಿದ ಪುಣ್ಯಪುರುಷರನ್ನು ಸ್ಮರಿಸುವುದು ನಮ್ಮಲ್ಲಿ ನಡೆದುಬಂದ ಸಂಪ್ರದಾಯ. ಆ ಸ್ಮರಣೆಯಲ್ಲಿ ಅರಸರ, ದಂಡನಾಯಕರ, ಶ್ರೇಷ್ಠಿಗಳ ಹೆಸರುಗಳು ಸಹಜವಾಗಿಯೇ ಮುಂದೆ ಬರುತ್ತವೆ. ಆದರೆ ಕನ್ನಡನಾಡಿನ ಶಿಲಾಶಾಸನಗಳನ್ನು ತಾಳ್ಮೆಯಿಂದ ಓದಿದವರಿಗೆ ಅಬ್ಬೆ, ಅಕ್ಕ, ದೇವಿ ಎಂದು ಕೊನೆಗೊಳ್ಳುವ ಹೆಸರುಗಳೂ ಪದೇ ಪದೇ ಎದುರಾಗುತ್ತವೆ. ಬಸದಿಗೆ ಭೂಮಿಯನ್ನು ಬಿಟ್ಟವರು, ಬಿಂಬವನ್ನು ಮಾಡಿಸಿದವರು, ಗ್ರಂಥವನ್ನು ಬರೆಸಿದವರು ಆ ಶ್ರಾವಿಕೆಯರು. ಅವರೆಲ್ಲರಿಗೂ ಶಿಖಾಮಣಿಯಂತಿರುವವಳು ದಾನಚಿಂತಾಮಣಿ ಅತ್ತಿಮಬ್ಬೆ.

ಕೃಷ್ಣಾ ತುಂಗಭದ್ರೆಗಳ ನಡುವಣ ಈ ನಮ್ಮ ಸೀಮೆಗೆ ಶಾಸನಗಳ ಕಾಲದಲ್ಲಿ ಎಡೆದೊರೆ 2000 ಎಂಬ ಹೆಸರಿತ್ತು. ಕೃಷ್ಣೆಯ ತಡಿಯ ಗೂಗಲ್ಲಿನಿಂದ ಗಬ್ಬೂರು, ದೇವದುರ್ಗ, ಮಾನ್ವಿ, ರಾಯಚೂರುಗಳವರೆಗಿನ ನೆಲವೆಲ್ಲ ಕಲ್ಯಾಣ ಚಾಲುಕ್ಯರ ಆಳ್ವಿಕೆಯನ್ನು ಕಂಡ ನೆಲ. ಅತ್ತಿಮಬ್ಬೆಯ ಬದುಕು ಬೆಳೆದುದೂ ಆ ಚಾಲುಕ್ಯ ರಾಜ್ಯದ ಉದಯಕಾಲದಲ್ಲಿಯೇ. ಆದುದರಿಂದ ಆಕೆಯ ಕೀರ್ತಿಯು ಗದಗಿನ ಸಮೀಪದ ಲಕ್ಕುಂಡಿಯಲ್ಲಿ ನೆಲೆಸಿದ್ದರೂ, ಆಕೆಯ ಚರಿತ್ರೆಯು ನಮಗೆ ಪರನಾಡಿನ ಚರಿತ್ರೆಯಲ್ಲ.

ಅತ್ತಿಮಬ್ಬೆಯ ಪೂರ್ವಿಕರು ವೆಂಗಿ ಮಂಡಲದ ಕಮ್ಮೆನಾಡಿನವರು. ಅಲ್ಲಿನ ಪುಂಗನೂರಿನ ನಾಗಮಯ್ಯನಿಗೆ ಮಲ್ಲಪಯ್ಯ, ಪುನ್ನಮಯ್ಯ ಎಂಬ ಇಬ್ಬರು ಮಕ್ಕಳು. ಕತ್ತಿಯನ್ನೂ ಕಾವ್ಯವನ್ನೂ ಒಟ್ಟಿಗೆ ಬಲ್ಲ ಮನೆತನವದು. ತಮ್ಮ ಗುರುಗಳಾದ ಜಿನಚಂದ್ರರ ಸ್ಮರಣಾರ್ಥವಾಗಿ ಈ ಸೋದರರು ಪೊನ್ನ ಕವಿಯಿಂದ ಶಾಂತಿಪುರಾಣವನ್ನು ಬರೆಸಿದರು. ರಾಷ್ಟ್ರಕೂಟ ಚಕ್ರವರ್ತಿ ಮುಮ್ಮಡಿ ಕೃಷ್ಣನಿಂದ ಉಭಯಕವಿಚಕ್ರವರ್ತಿ ಎಂಬ ಬಿರುದನ್ನು ಪಡೆದ ಕವಿ ಪೊನ್ನ. ಮುಂದೆ ಪುನ್ನಮಯ್ಯನು ಯುದ್ಧರಂಗದಲ್ಲಿ ಮಡಿದನು. ಮಲ್ಲಪಯ್ಯ ಮತ್ತು ಅಬ್ಬಕಬ್ಬೆಯರ ಮಗಳಾಗಿ ಹುಟ್ಟಿದ ಅತ್ತಿಮಬ್ಬೆಗೆ ಗ್ರಂಥಪ್ರೇಮವೂ ಧರ್ಮಶ್ರದ್ಧೆಯೂ ತವರಿನಿಂದ ಬಂದ ಬಳುವಳಿ. ಗುಂಡಮಬ್ಬೆ ಆಕೆಯ ತಂಗಿ.

ಕ್ರಿ.ಶ. 973ರಲ್ಲಿ ತೈಲಪನು ರಾಷ್ಟ್ರಕೂಟರ ಅಧಿಕಾರವನ್ನು ಕೊನೆಗೊಳಿಸಿ ಚಾಲುಕ್ಯ ಸಿಂಹಾಸನವನ್ನು ಮತ್ತೆ ಸ್ಥಾಪಿಸಿದನು. ಆತನ ಮಹಾಮಂತ್ರಿ ದಲ್ಲಪನ ಮಗನಾದ ನಾಗದೇವನು ಪರಾಕ್ರಮಿಯಾದ ದಂಡನಾಯಕ. ಅಕ್ಕತಂಗಿಯರಿಬ್ಬರನ್ನೂ ಅವನಿಗೇ ಕೊಟ್ಟು ಮದುವೆ ಮಾಡಲಾಯಿತು. ಅತ್ತಿಮಬ್ಬೆಯಲ್ಲಿ ಅಣ್ಣಿಗದೇವನೆಂಬ ಮಗನು ಹುಟ್ಟಿದನು. ರಾಜ್ಯವು ನೆಲೆಗೊಳ್ಳುತ್ತಿದ್ದ ಆ ದಿನಗಳಲ್ಲಿ ದಂಡನಾಯಕನ ಮನೆಯ ಸುಖವು ಗಾಳಿಗೆ ಒಡ್ಡಿದ ದೀಪದಂತಿತ್ತು. ನಾಗದೇವನು ಅಕಾಲದಲ್ಲಿ ಮೃತ್ಯುವಶನಾದನು.

ಈ ಚರಿತ್ರೆಯ ತಿರುಳು ಇರುವುದು ಇಲ್ಲಿಂದ ಮುಂದೆ. ಒಂದೇ ತಾಯಿಯ ಮಕ್ಕಳು, ಒಂದೇ ಮನೆಯ ಸೊಸೆಯರು, ಒಂದೇ ದಿನ ವಿಧವೆಯರಾದವರು. ಆದರೆ ಅವರ ದಾರಿಗಳು ಬೇರೆಯಾದವು. ಗುಂಡಮಬ್ಬೆಯು ಪತಿಯ ಚಿತೆಯನ್ನೇರಿದಳು. ಅತ್ತಿಮಬ್ಬೆಯು ಉಳಿದಳು. ವೀರಪತಿಯೊಡನೆ ಸಹಗಮನ ಮಾಡಿದವಳಿಗೆ ಮಾಸ್ತಿಕಲ್ಲು ನಿಲ್ಲಿಸಿ ಪೂಜಿಸುತ್ತಿದ್ದ ಕಾಲವದು. ಅಂಥ ಕಾಲದಲ್ಲಿ, ತಂಗಿಯು ಅಗ್ನಿಯನ್ನು ಪ್ರವೇಶಿಸಿದ ಮೇಲೂ ಅಕ್ಕನು ಬದುಕಿ ಉಳಿಯುವುದಕ್ಕೆ ಎಷ್ಟು ಮನೋಬಲ ಬೇಕಾಗಿದ್ದೀತೆಂಬುದನ್ನು ಇಂದಿನ ನಾವು ಊಹಿಸಿಕೊಳ್ಳಬೇಕು.

ಆಕೆಯ ನಿರ್ಧಾರಕ್ಕೆ ಆಗಮದ ಬೆಂಬಲವಿತ್ತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆಯ ಲಕ್ಷಣಗಳನ್ನು ಎಣಿಸುವಾಗ, ಪುಣ್ಯವೆಂದು ಬಗೆದು ಬೆಟ್ಟದಿಂದ ಬೀಳುವುದನ್ನೂ ಬೆಂಕಿಯಲ್ಲಿ ಬೀಳುವುದನ್ನೂ ಸ್ಪಷ್ಟವಾಗಿ ಹೆಸರಿಸಿದ್ದಾರೆ. ದುಃಖದ ಆವೇಗದಲ್ಲಿ ದೇಹವನ್ನು ಬಿಡುವುದು ಬೇರೆ, ವ್ರತನಿಯಮಗಳಿಂದ ಮೋಹವನ್ನು ಬಿಡುವುದು ಬೇರೆ. ಅತ್ತಿಮಬ್ಬೆಯು ಎರಡನೆಯದನ್ನು ಆರಿಸಿಕೊಂಡಳು. ಮಗನನ್ನು ಬೆಳೆಸಿದಳು, ವ್ರತೋಪವಾಸಗಳಿಂದ ದೇಹವನ್ನು ದಂಡಿಸಿದಳು, ಕೈಯಲ್ಲಿದ್ದ ಐಶ್ವರ್ಯವನ್ನು ದಾನಕ್ಕೆ ತೆರೆದಳು. ಆ ಮಗನೇ ಮುಂದೆ ಪಡೆವಳ ತೈಲನೆಂದು ಪ್ರಸಿದ್ಧನಾಗಿ ಚಾಲುಕ್ಯರ ಸೇವೆಯಲ್ಲಿ ಮೆರೆದನು. ತಂಗಿಯ ಮರಣವನ್ನು ಹಳಿಯುವ ಅಧಿಕಾರ ನಮಗಿಲ್ಲ. ಅಂದಿನ ಲೋಕವೇ ಅದನ್ನು ದೊಡ್ಡದೆಂದು ಆಕೆಗೆ ಕಲಿಸಿತ್ತು. ಆದರೆ ಅಕ್ಕನು ಬದುಕಿದುದರಿಂದ ನಾಡಿಗೆ ಏನು ಲಭಿಸಿತೆಂಬುದನ್ನು ಲೆಕ್ಕ ಹಾಕುವ ಕರ್ತವ್ಯ ನಮ್ಮದು.

ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ಜೈನಧರ್ಮವು ದಾನವನ್ನು ನಾಲ್ಕು ಬಗೆಯಾಗಿ ಹೇಳುತ್ತದೆ. ಅತ್ತಿಮಬ್ಬೆಯ ಹೆಸರು ವಿಶೇಷವಾಗಿ ಬೆಳಗುವುದು ಶಾಸ್ತ್ರದಾನದಲ್ಲಿ. ತಂದೆಯೂ ಚಿಕ್ಕಪ್ಪನೂ ಬರೆಸಿದ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಆಕೆಯು ಹಂಚಿದಳೆಂಬುದು ನಾಡಿನಲ್ಲಿ ಮನೆಮಾತಾಗಿರುವ ಸಂಗತಿ. ಅಚ್ಚಿನ ಯಂತ್ರವನ್ನು ಕಂಡ ನಮಗೆ ಸಾವಿರವೆಂಬುದು ಚಿಕ್ಕ ಸಂಖ್ಯೆಯೆನಿಸಬಹುದು. ಆದರೆ ಅಂದು ಒಂದೊಂದು ಪ್ರತಿಗೂ ತಾಳೆಯ ಗರಿಗಳನ್ನು ಹದಮಾಡಿ, ಒಣಗಿಸಿ, ಅಳತೆಗೆ ಕತ್ತರಿಸಬೇಕು. ಲಿಪಿಕಾರನು ಕಬ್ಬಿಣದ ಕಂಠದಿಂದ ಒಂದೊಂದು ಅಕ್ಷರವನ್ನೂ ಕೊರೆಯಬೇಕು. ಕೊರೆದ ಗೆರೆಗಳಿಗೆ ಮಸಿ ತುಂಬಿ ಒರೆಸಬೇಕು. ದಾರ ಪೋಣಿಸಿ ಮರದ ಹಲಗೆಗಳ ನಡುವೆ ಕಟ್ಟಬೇಕು. ಹೀಗೆ ಒಂದು ಮಹಾಕಾವ್ಯವನ್ನು ಸಾವಿರ ಬಾರಿ ಬರೆಸುವುದೆಂದರೆ ಎಷ್ಟು ಜನ ಲಿಪಿಕಾರರಿಗೆ ಎಷ್ಟು ಕಾಲ ಅನ್ನವಿಕ್ಕಿ ಪೊರೆಯಬೇಕಾಯಿತೋ ಎಣಿಸಿ ನೋಡಬೇಕು. ಒಂದೇ ಪ್ರತಿಯಿದ್ದ ಗ್ರಂಥವು ಗೆದ್ದಲಿಗೋ ಬೆಂಕಿಗೋ ತುತ್ತಾದರೆ ಕವಿಯು ಎರಡನೆಯ ಬಾರಿ ಸತ್ತಂತೆ. ಅದನ್ನರಿತು, ಹಲವು ಕೈಗಳಲ್ಲಿದ್ದುದೇ ಉಳಿಯುತ್ತದೆಂಬ ತತ್ತ್ವವನ್ನು ಆಚರಣೆಗೆ ತಂದವಳು ಅತ್ತಿಮಬ್ಬೆ.

ಹಳೆಯ ಗ್ರಂಥವನ್ನು ಉಳಿಸಿದಂತೆಯೇ ಹೊಸ ಗ್ರಂಥವನ್ನೂ ಆಕೆಯು ಬರೆಸಿದಳು. ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನು ಅಜಿತಸೇನಾಚಾರ್ಯರಲ್ಲಿ ವಿದ್ಯೆ ಕಲಿತು ಮಹಾಕವಿಯಾದವನು. ಅತ್ತಿಮಬ್ಬೆಯ ಆಶ್ರಯದಲ್ಲಿ ಆತನು ಕ್ರಿ.ಶ. 993ರಲ್ಲಿ ಅಜಿತಪುರಾಣವನ್ನು ಪೂರೈಸಿದನು. ಎರಡನೆಯ ತೀರ್ಥಂಕರನ ಚರಿತ್ರೆಯಾದ ಈ ಕಾವ್ಯದಲ್ಲಿ ಸಗರ ಚಕ್ರವರ್ತಿಯ ಕಥೆಯೂ ಬರುತ್ತದೆ. ಅಸಂಖ್ಯ ಪುತ್ರರನ್ನು ಪಡೆದು ಬೀಗಿದ ಚಕ್ರವರ್ತಿಯು ಪುತ್ರಶೋಕದಿಂದ ವೈರಾಗ್ಯಕ್ಕೆ ತಿರುಗುವ ಕಥೆಯದು. ಪತಿಯನ್ನೂ ತಂಗಿಯನ್ನೂ ಒಟ್ಟಿಗೆ ಕಳೆದುಕೊಂಡವಳ ಮುಂದೆ ಆ ಭಾಗವನ್ನು ಓದಿದಾಗ ಅವಳ ಮನಸ್ಸಿನಲ್ಲಿ ಏನು ಮೂಡಿರಬಹುದೆಂಬುದನ್ನು ಸಹೃದಯರು ಭಾವಿಸಿಕೊಳ್ಳಬಲ್ಲರು. ಆಕೆಯ ವಂಶದ ಕಥೆಯನ್ನೂ ಗುಣಗಳನ್ನೂ ರನ್ನನು ಆ ಕಾವ್ಯದಲ್ಲಿಯೇ ಮನದುಂಬಿ ಹೇಳಿದ್ದಾನೆ. ತನ್ನ ಮಗನಿಗೆ ಚಾವುಂಡರಾಯನ ನೆನಪಿನಿಂದ ರಾಯನೆಂದೂ, ಮಗಳಿಗೆ ಅತ್ತಿಮಬ್ಬೆಯೆಂದೂ ಹೆಸರಿಟ್ಟುದು ಆತನ ಕೃತಜ್ಞತೆಗೆ ಸಾಕ್ಷಿ.

ಆಕೆಯ ಧರ್ಮಕಾರ್ಯಗಳಲ್ಲಿ ಇಂದಿಗೂ ಕಣ್ಣಿಗೆ ಕಾಣುವುದು ಲಕ್ಕುಂಡಿಯ ಬ್ರಹ್ಮಜಿನಾಲಯ. ಅಂದು ಲೊಕ್ಕಿಗುಂಡಿಯೆಂದು ಹೆಸರಾಗಿದ್ದ ಆ ಪಟ್ಟಣದಲ್ಲಿ ಅತ್ತಿಮಬ್ಬೆಯು ಈ ಬಸದಿಯನ್ನು ಕಟ್ಟಿಸಿದಳೆಂದು ಕ್ರಿ.ಶ. 1007ರ ಶಾಸನವು ತಿಳಿಸುತ್ತದೆ. ಆಗ ತೈಲಪನ ಮಗನಾದ ಇರಿವಬೆಡಂಗ ಸತ್ಯಾಶ್ರಯನು ಆಳುತ್ತಿದ್ದನು. ಲಕ್ಕುಂಡಿಯ ಜಿನಾಲಯಗಳಲ್ಲಿ ಇದೇ ದೊಡ್ಡದು. ಇಲ್ಲಿನ ಚತುರ್ಮುಖ ಬ್ರಹ್ಮ ಮತ್ತು ಪದ್ಮಾವತಿಯ ಮೂರ್ತಿಗಳು ನೋಡುವವರ ಕಣ್ಣನ್ನು ಸೆರೆಹಿಡಿಯುತ್ತವೆ.

ಬಸದಿಯು ಎದ್ದ ಕಾಲವನ್ನು ಗಮನಿಸಿದರೆ ಆಕೆಯ ಧೈರ್ಯವು ಇನ್ನಷ್ಟು ಸ್ಪಷ್ಟವಾಗುತ್ತದೆ. ಆ ದಿನಗಳಲ್ಲಿಯೇ ಚೋಳರ ಮಹಾಸೈನ್ಯವು ಚಾಲುಕ್ಯ ರಾಜ್ಯದ ಮೇಲೆ ದಂಡೆತ್ತಿ ಬಂದು ನಾಡನ್ನು ಸೂರೆಗೊಂಡಿತು. ಹೆಂಗಸರು ಮಕ್ಕಳೆನ್ನದೆ ಕೊಂದುದನ್ನು ಹೊಟ್ಟೂರಿನ ಶಾಸನವು ದಾಖಲಿಸಿದೆ. ಮುಂದೆ ನಮ್ಮ ಎಡೆದೊರೆ ನಾಡೂ ರಾಜೇಂದ್ರ ಚೋಳನು ತಾನು ಗೆದ್ದೆನೆಂದು ಹೇಳಿಕೊಂಡ ನಾಡುಗಳ ಪಟ್ಟಿಯಲ್ಲಿ ಸೇರಿತು. ಎರಡು ನದಿಗಳ ನಡುವಣ ಫಲವತ್ತಾದ ನೆಲವು ಯಾವ ಕಾಲದಲ್ಲಿಯೂ ಸೈನ್ಯಗಳ ಹಾದಿಯೇ. ಕಟ್ಟಿದ್ದು ನಾಳೆ ಉಳಿಯುವುದೋ ಇಲ್ಲವೋ ಎಂಬ ಶಂಕೆಯ ಕಾಲದಲ್ಲಿ ಕಟ್ಟಿದವಳು ಅತ್ತಿಮಬ್ಬೆ.

ಇಂಥವಳ ಸುತ್ತ ಪವಾಡಕಥೆಗಳು ಹುಟ್ಟಿದುದರಲ್ಲಿ ಆಶ್ಚರ್ಯವಿಲ್ಲ. ಆಕೆಯ ಶೀಲದ ಮಹಿಮೆಯಿಂದ ತುಂಬಿ ಹರಿಯುತ್ತಿದ್ದ ಗೋದಾವರಿಯು ತಡೆದು ನಿಂತಿತೆಂದೂ, ಗೊಮ್ಮಟೇಶ್ವರನ ದರ್ಶನಕ್ಕೆ ಬೆಟ್ಟವೇರಿ ಬಳಲಿದಾಗ ಅಕಾಲದಲ್ಲಿ ಮಳೆ ಸುರಿದು ತಂಪೆರೆಯಿತೆಂದೂ ಹೇಳಿಕೆಯಿದೆ. ಸಾವಿರದ ಐನೂರು ಬಸದಿಗಳನ್ನು ಕಟ್ಟಿಸಿದಳು, ಅಷ್ಟೇ ಸಂಖ್ಯೆಯ ಸುವರ್ಣ ಬಿಂಬಗಳನ್ನು ಮಾಡಿಸಿದಳು ಎಂಬ ಪ್ರಶಂಸೆಯೂ ಉಂಟು. ಈ ಸಂಖ್ಯೆಗಳನ್ನು ಗಣಿತದ ಕಣ್ಣಿನಿಂದ ನೋಡುವುದಕ್ಕಿಂತ, ಎಣಿಕೆಗೆ ಸಿಕ್ಕದ ಔದಾರ್ಯವನ್ನು ಜನಮನವು ಎಣಿಸಲು ಮಾಡಿದ ಪ್ರಯತ್ನವೆಂದು ತಿಳಿಯುವುದು ಯುಕ್ತ. ಆದರೆ ಒಂದು ಮಾತನ್ನು ಮರೆಯಬಾರದು. ಆ ಚಿನ್ನದ ಬಿಂಬಗಳನ್ನು ಇಂದು ಕಂಡವರಿಲ್ಲ. ಓಲೆಗರಿಯಲ್ಲಿ ಕೊರೆದ ಪೊನ್ನನ ಪುರಾಣವೂ ರನ್ನನ ಪುರಾಣವೂ ನಮ್ಮ ಕೈಯಲ್ಲಿವೆ. ಚಿನ್ನಕ್ಕಿಂತ ಓಲೆಯೇ ಬಾಳಿಕೆ ಬಂದಿತು.

ಅತ್ತಿಮಬ್ಬೆಯ ಈ ಮೇಲ್ಪಂಕ್ತಿಯನ್ನು ಮುಂದಿನ ಶ್ರಾವಿಕೆಯರು ಬಿಡಲಿಲ್ಲ. ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿ ಉಳಿದುಬಂದ ಸಿದ್ಧಾಂತ ಗ್ರಂಥಗಳ ಓಲೆಪ್ರತಿಗಳೊಡನೆ ದೇಮಿಯಕ್ಕ, ಮಲ್ಲಿಕಬ್ಬೆ ಎಂಬ ಹೆಸರುಗಳು ಬೆಸೆದುಕೊಂಡಿವೆ. ತಮ್ಮ ವ್ರತದ ಉದ್ಯಾಪನೆಗಾಗಿ ಗ್ರಂಥವನ್ನು ಬರೆಸಿ ಗುರುಗಳಿಗೆ ಒಪ್ಪಿಸಿದ ಪುಣ್ಯವತಿಯರು ಅವರು. ಜ್ಯೇಷ್ಠ ಶುದ್ಧ ಪಂಚಮಿಯಂದು, ಶ್ರುತಪಂಚಮಿಯ ದಿನ, ಶಾಸ್ತ್ರಗಳನ್ನು ಹೊರತೆಗೆದು ಪೂಜಿಸುವ ಪ್ರತಿಯೊಬ್ಬ ಗೃಹಿಣಿಯೂ ಈ ಪರಂಪರೆಯ ವಾರಸುದಾರಳೇ.

ಇಂದು ಕರ್ನಾಟಕ ಸರ್ಕಾರವು ಅತ್ತಿಮಬ್ಬೆಯ ಹೆಸರಿನಲ್ಲಿ ಸಾಧಕಿಯರಿಗೆ ಪ್ರಶಸ್ತಿಯನ್ನು ಕೊಡುತ್ತಿದೆ. ಆಕೆಯ ಹೆಸರಿನಲ್ಲಿ ಮಹಿಳೆಯರು ಅಲ್ಲಲ್ಲಿ ಸಭೆ ಸಮಾರಂಭಗಳನ್ನು ನಡೆಸುತ್ತಾರೆ. ಇದು ಸಂತೋಷದ ವಿಷಯ. ಆದರೆ ಭಾವಚಿತ್ರಕ್ಕೆ ಹಾರ ಹಾಕಿ ಭಾಷಣ ಮಾಡಿದಲ್ಲಿಗೆ ಆ ಸ್ಮರಣೆಯು ಮುಗಿಯಬಾರದು. ಗಬ್ಬೂರಿನಂಥ ಊರುಗಳಲ್ಲಿ ಚಾಲುಕ್ಯರ ಕಾಲದ ಶಾಸನಗಳು ಇನ್ನೂ ನಿಂತಿವೆ. ನಮ್ಮ ಊರೂರಿನ ಕಲ್ಲುಗಳಲ್ಲಿ ಎಷ್ಟು ಅಬ್ಬೆಯರು, ಎಷ್ಟು ಅಕ್ಕಂದಿರು ಹೆಸರಿದ್ದೂ ಅಜ್ಞಾತರಾಗಿ ಉಳಿದಿದ್ದಾರೆಂಬುದನ್ನು ಬಲ್ಲವರಿಂದ ಓದಿಸಿ ತಿಳಿಯಬೇಕು. ಪ್ರತಿಷ್ಠೆಯಾದ ಬಸದಿಯಲ್ಲಿ ಬಿಂಬದ ಜೊತೆಗೆ ಒಂದು ಗ್ರಂಥಭಂಡಾರವೂ ಇರಬೇಕು. ಅದರ ಬೀಗದ ಕೈ ಓದುವ ಹೆಣ್ಣುಮಕ್ಕಳ ಕೈಗೂ ಸಿಗಬೇಕು. ಹಾಗೆಯೇ, ಪತಿಯನ್ನು ಕಳೆದುಕೊಂಡ ಸಹೋದರಿಯನ್ನು ಮಂಗಳಕಾರ್ಯದಿಂದ ದೂರ ನಿಲ್ಲಿಸುವ ವಾಡಿಕೆಯು ಎಲ್ಲಿಯಾದರೂ ಉಳಿದಿದ್ದರೆ, ಬ್ರಹ್ಮಜಿನಾಲಯವನ್ನು ಕಟ್ಟಿಸಿದವಳು ಒಬ್ಬ ವಿಧವೆಯೆಂಬುದನ್ನು ಆಗ ನೆನೆಯಬೇಕು.

ಚಿತೆಯ ಮುಂದೆ ನಿಂತು ಬದುಕನ್ನು ಆರಿಸಿಕೊಂಡ ಆ ಮಹಾಸತಿಯ ನಿರ್ಧಾರದಿಂದ ಒಂದು ಬಸದಿ ಎದ್ದಿತು, ಒಂದು ಕಾವ್ಯ ಹುಟ್ಟಿತು, ಇನ್ನೊಂದು ಕಾವ್ಯ ಉಳಿಯಿತು. ಆಕೆಯ ದಾನಗುಣದ ಒಂದಂಶವಾದರೂ ನಮ್ಮ ಮನೆಮನೆಗಳಲ್ಲಿ ನೆಲೆಸಲಿ.