ಎರಡು ಬೆರಳಿನ ವಾದಕ

ಗಿಟಾರು ಕಲಿಯಹೊರಟವನಿಗೆ ಮೊದಲು ಅಡ್ಡ ನಿಲ್ಲುವುದು ಕಾರ್ಡ್. ನಮ್ಮ ಸಂಗೀತದಲ್ಲಿ ಸ್ವರಗಳು ಒಂದರ ಹಿಂದೊಂದು ಬರುತ್ತವೆ. ಅಲ್ಲಿಯಾದರೋ ಮೂರುನಾಲ್ಕನ್ನು ಒಟ್ಟಿಗೆ ನುಡಿಸಿ, ಮರುಕ್ಷಣವೇ ಬೆರಳುಗಳನ್ನೆತ್ತಿ ಇನ್ನೊಂದು ಗುಂಪಿಗೆ ಹಾಯಬೇಕು. ಕಳೆದ ವರ್ಷ ಮಿತ್ರನೊಬ್ಬನ ಗಿಟಾರನ್ನು ಎರವಲು ತಂದು ನಾನೂ ಈ ಪಾಡು ಪಟ್ಟೆನು. ಹಿಂದಿರುಗಿಸಿಬಿಡೋಣವೆಂದಿದ್ದಾಗ ಜಾಂಗೊ ರೈನ್‌ಹಾರ್ಟ್‌ನ ಚರಿತ್ರೆಯನ್ನು ಓದಿದೆನು.

ಈತನು 1910ರ ಜನವರಿ 23ರಂದು ಬೆಲ್ಜಿಯಂ ದೇಶದ ಲಿಬರ್ಶಿ ಎಂಬ ಹಳ್ಳಿಯಲ್ಲಿ, ರೋಮಾ ಅಲೆಮಾರಿಗಳ ಬಿಡಾರದಲ್ಲಿ ಹುಟ್ಟಿದನು. ಶತಮಾನಗಳ ಹಿಂದೆ ಭಾರತದಿಂದಲೇ ಹೊರಟ ಜನ ಅವರು. ಐದಕ್ಕೆ ಇಂದಿಗೂ ಪಂಜ್ ಎನ್ನುತ್ತಾರೆ. ಪ್ಯಾರಿಸ್ಸಿನ ಹೊರವಲಯದಲ್ಲಿ ಬೆಳೆದ ಜಾಂಗೊ ಹದಿಹರೆಯದಲ್ಲೇ ನೃತ್ಯಶಾಲೆಗಳಲ್ಲಿ ಬ್ಯಾಂಜೊ ನುಡಿಸಿ ಸಂಪಾದಿಸತೊಡಗಿದನು.

1928ರ ನವೆಂಬರಿನ ಒಂದು ರಾತ್ರಿ, ಹೆಂಡತಿ ಮಾರಲೆಂದು ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂಗಳಿಗೆ ಮೇಣದಬತ್ತಿಯ ಉರಿ ತಗುಲಿ ಅವರ ಮನೆಬಂಡಿ ಹೊತ್ತಿಕೊಂಡಿತು. ಎಡಗೈಯ ಉಂಗುರಬೆರಳೂ ಕಿರುಬೆರಳೂ ಸುಟ್ಟು ಮುದುರಿಹೋದುವು. ಕಾಲನ್ನು ಕತ್ತರಿಸಬೇಕೆಂದರು, ಆತನು ಒಪ್ಪಲಿಲ್ಲ. ಚೇತರಿಸಿಕೊಳ್ಳಲು ಸುಮಾರು ಹದಿನೆಂಟು ತಿಂಗಳು ಹಿಡಿಯಿತು. ತಮ್ಮ ಜೋಸೆಫ್ ಗಿಟಾರೊಂದನ್ನು ತಂದುಕೊಟ್ಟನು.

ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ, ಉಳಿದ ಮೂರರಿಂದ ಕಾರ್ಡನ್ನು ಪೂರ್ಣಗೊಳಿಸುವುದು ರೂಢಿ. ಅದು ಜಾಂಗೊವಿಗೆ ಸಾಧ್ಯವಿರಲಿಲ್ಲ. ಆತನು ಮೂರುನಾಲ್ಕು ಸ್ವರಗಳ ಚಿಕ್ಕ ಕಾರ್ಡುಗಳನ್ನು ಹುಡುಕಿದನು. ಮುದುರಿದ ಬೆರಳುಗಳನ್ನು ತೆಳು ತಂತಿಗಳ ಮೇಲೆ ಊರಿದನು. ಹೆಬ್ಬೆರಳನ್ನು ದಂಡಿಯ ಮೇಲಿಂದ ತಂದು ದಪ್ಪ ತಂತಿಯನ್ನು ಒತ್ತಿದನು. ಡಿಮಿನಿಶ್ಡ್ ಎಂಬ ಕಾರ್ಡಿನ ಸ್ವರಗಳು ಸಮದೂರದಲ್ಲಿರುವುದರಿಂದ ಅದೇ ಹಿಡಿತವನ್ನು ಮೂರು ಮೆಟ್ಟು ಜಾರಿಸಿದರೆ ಅವೇ ನಾಲ್ಕು ಸ್ವರಗಳು ಸ್ಥಾನ ಬದಲಿಸಿ ಬರುತ್ತವೆ. ಇದನ್ನು ಆತನು ಧಾರಾಳವಾಗಿ ಬಳಸಿದನು. ರಾಗದ ಓಟಕ್ಕೆ ಮಾತ್ರ ಎರಡೇ ಬೆರಳು.

ಇಷ್ಟಾಗಿ ಆತನಿಗೆ ಸ್ವರಲಿಪಿ ಬರುತ್ತಿರಲಿಲ್ಲ; ಅಕ್ಷರವೂ ಅಷ್ಟಕ್ಕಷ್ಟೆ. ಕಲಿತದ್ದೆಲ್ಲ ಕಿವಿಯಿಂದ. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೊಬ್ಬನೆ. ಓದದವರಿಗೆ ವಿದ್ಯೆಯಿಲ್ಲವೆಂದು ಮನಸ್ಸಿನಲ್ಲಿ ಒಂದು ಗರ್ವವಿತ್ತು. ನಮ್ಮಪ್ಪ ಕೂರಿಗೆಯ ಸದ್ದಿನಿಂದಲೇ ಬೀಜ ಸರಿಯಾಗಿ ಬೀಳುತ್ತಿದೆಯೇ ಎಂದು ಹೇಳಬಲ್ಲರು. ಅದನ್ನು ನಾನು ವಿದ್ಯೆಯ ಲೆಕ್ಕಕ್ಕೆ ಹಿಡಿದಿರಲೇ ಇಲ್ಲ.

1934ರಲ್ಲಿ ಪ್ಯಾರಿಸ್ಸಿನಲ್ಲಿ ಪಿಟೀಲುವಾದಕ ಸ್ಟೆಫಾನ್ ಗ್ರಾಪೆಲ್ಲಿಯೊಡನೆ ಹಾಟ್ ಕ್ಲಬ್ಬಿನ ಐವರ ಮೇಳ ಕಟ್ಟಿದನು. ತಾಳವಾದ್ಯವಿಲ್ಲ, ಜೊತೆಯ ಗಿಟಾರುಗಳೆರಡೂ ಒಂದು ಬಾಸ್ ವಾದ್ಯವೂ ಆ ಕೆಲಸ ಮಾಡುತ್ತಿದ್ದವು. 1939ರಲ್ಲಿ ಯುದ್ಧ ಶುರುವಾದಾಗ ಗ್ರಾಪೆಲ್ಲಿ ಲಂಡನ್ನಿನಲ್ಲೇ ಉಳಿದನು, ಜಾಂಗೊ ಪ್ಯಾರಿಸ್ಸಿಗೆ ಮರಳಿದನು. ನಾಜಿಗಳು ರೋಮಾ ಜನರನ್ನು ಹುಡುಕಿ ಕೊಲ್ಲುತ್ತಿದ್ದ ಕಾಲವದು. ಅವರ ವಶದಲ್ಲಿದ್ದ ಆ ನಗರದಲ್ಲಿ 1940ರಲ್ಲಿ ನುವಾಜ್, ಎಂದರೆ ಮೋಡಗಳು, ಎಂಬ ಕೃತಿ ಹೊರಬಂದಿತು. ಅದು ಆಧಾರಸ್ವರದ ಕಾರ್ಡಿನಿಂದ ಆರಂಭವಾಗುವುದಿಲ್ಲ. ಹೊರಗೆಲ್ಲೋ ಮೊದಲಾಗಿ, ಅರ್ಧ ಸ್ವರ ಇಳಿದು, ಸುತ್ತಿಬಳಸಿ ಮನೆ ಸೇರುತ್ತದೆ.

ಆತನು ಜೂಜುಗಾರ, ಹೇಳಿದ ಹೊತ್ತಿಗೆ ಬಾರದವನು. 1946ರಲ್ಲಿ ಡ್ಯೂಕ್ ಎಲಿಂಗ್ಟನ್ನನೊಡನೆ ನ್ಯೂಯಾರ್ಕಿನಲ್ಲಿ ನುಡಿಸಬೇಕಾಗಿದ್ದ ಒಂದು ರಾತ್ರಿಯೂ ತಡಮಾಡಿದನು. ಪ್ರತಿಭೆಯ ಹೆಸರಿನಲ್ಲಿ ಇದನ್ನು ಮನ್ನಿಸಲು ನನಗೆ ಮನಸ್ಸಿಲ್ಲ.

ಕೊನೆಯ ವರ್ಷಗಳನ್ನು ಸೇನ್ ನದಿಯ ದಡದ ಸಾಮ್ವಾ ಎಂಬಲ್ಲಿ ಕಳೆದು, 1953ರ ಮೇ 16ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡನು. ಆಗ ನಲವತ್ತಮೂರು ವರ್ಷ.

ಗಿಟಾರನ್ನು ಇನ್ನೂ ಹಿಂದಿರುಗಿಸಿಲ್ಲ. ನುವಾಜ್‌ನ ಎರಡನೆಯ ಕಾರ್ಡಿನವರೆಗೆ ಬಂದಿದ್ದೇನೆ.