ಜಾರ್ಜ್ ಸೈಮನ್ ಓಮ್

ವಿದ್ಯುತ್ತು ಕಣ್ಣಿಗೆ ಕಾಣುವ ವಸ್ತುವಲ್ಲ. ಅದರ ಕಾರ್ಯವನ್ನು ಮಾತ್ರ ನಾವು ಕಾಣುತ್ತೇವೆ. ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಅಕ್ಕಿಯ ಗಿರಣಿಗಳನ್ನು ತಿರುಗಿಸುವುದು ಅದೇ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯ ಯಂತ್ರಗಳನ್ನು ನಡೆಸುವುದು ಅದೇ. ಮಸ್ಕಿಯ ಮನೆಮನೆಯಲ್ಲಿ ದೀಪವಾಗಿ ಬೆಳಗುವುದೂ ಅದೇ. ಈ ಊರುಗಳಲ್ಲಿ ಕೆಟ್ಟ ಮೋಟಾರನ್ನೋ ಇಸ್ತ್ರಿಪೆಟ್ಟಿಗೆಯನ್ನೋ ಸರಿಪಡಿಸುವ ಕುಶಲಕರ್ಮಿಯ ಕೈಯಲ್ಲಿ ಮಲ್ಟಿಮೀಟರ್ ಎಂಬ ಪುಟ್ಟ ಉಪಕರಣವಿರುತ್ತದೆ. ಅದರ ಮುಖದ ಮೇಲೆ Ω ಎಂಬ ಗ್ರೀಕ್ ಅಕ್ಷರವಿದೆ. ರೋಧವನ್ನು ಅಳೆಯುವ ಮಾನದ ಗುರುತು ಅದು. ಆ ಮಾನಕ್ಕೆ ತನ್ನ ಹೆಸರನ್ನು ಕೊಟ್ಟವನೇ ಜಾರ್ಜ್ ಸೈಮನ್ ಓಮ್.

ಓಮನು 1789ರ ಮಾರ್ಚ್ 16ರಂದು ಜರ್ಮನಿಯ ಎರ್ಲಾಂಗೆನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಬೀಗಗಳನ್ನು ಮಾಡಿ ಜೀವಿಸುವ ಕಮ್ಮಾರ. ಶಾಲೆಯಲ್ಲಿ ಕಲಿಯುವ ಭಾಗ್ಯ ಅವನಿಗೆ ದೊರೆತಿರಲಿಲ್ಲ. ಆದರೂ ಸ್ವಪ್ರಯತ್ನದಿಂದ ಗಣಿತವನ್ನು ಕಲಿತು, ಅದನ್ನು ತನ್ನ ಮಕ್ಕಳಿಗೆ ತಾನೇ ಬೋಧಿಸಿದನು. ಓಮನಿಗೆ ಹತ್ತು ವರ್ಷವಾದಾಗ ತಾಯಿ ತೀರಿಕೊಂಡಳು. ತಾಯಿಯಿಲ್ಲದ ಆ ಬಡಮನೆಯಲ್ಲಿ ವಿದ್ಯೆಯೇ ಮಕ್ಕಳ ಆಸ್ತಿಯಾಯಿತು. ತಮ್ಮನಾದ ಮಾರ್ಟಿನ್ ಮುಂದೆ ಹೆಸರಾಂತ ಗಣಿತಜ್ಞನಾದನು.

1805ರಲ್ಲಿ ಓಮನು ಎರ್ಲಾಂಗೆನ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ನೃತ್ಯ, ಬಿಲಿಯರ್ಡ್ಸ್ ಮತ್ತು ಹಿಮದ ಮೇಲಿನ ಜಾರಾಟಗಳ ಮೋಹಕ್ಕೆ ಸಿಲುಕಿದನು. ಮಗನು ದೊರೆತ ಅವಕಾಶವನ್ನು ಹಾಳುಮಾಡಿಕೊಳ್ಳುತ್ತಿರುವನೆಂದು ತಂದೆ ನೊಂದನು. ವಿಶ್ವವಿದ್ಯಾನಿಲಯವನ್ನು ಬಿಟ್ಟ ಓಮನು 1806ರಲ್ಲಿ ಸ್ವಿಟ್ಸರ್ಲೆಂಡಿಗೆ ಹೋಗಿ ಗಣಿತದ ಉಪಾಧ್ಯಾಯನಾದನು. ಪಾಠ ಹೇಳುತ್ತಲೇ ತಾನೂ ಓದಿದನು. ಮರಳಿ ಬಂದು 1811ರಲ್ಲಿ ಡಾಕ್ಟರೇಟ್ ಪದವಿಯನ್ನು ಗಳಿಸಿದನು. ಆದರೂ ಅಲ್ಪ ಸಂಬಳದ ಉಪಾಧ್ಯಾಯ ವೃತ್ತಿಯಲ್ಲಿಯೇ ಅವನ ಯೌವನ ಕಳೆಯಿತು.

1817ರಲ್ಲಿ ಕೊಲೋನ್ ನಗರದ ಪ್ರೌಢಶಾಲೆಯಲ್ಲಿ ಅವನಿಗೆ ಕೆಲಸ ದೊರೆಯಿತು. ಅಲ್ಲಿ ಒಳ್ಳೆಯ ಪ್ರಯೋಗಶಾಲೆಯಿತ್ತು. ಬೀಗದ ಕಮ್ಮಾರನ ಮಗನಿಗೆ ಲೋಹದ ಕೆಲಸ ಹೊಸದಲ್ಲ. ಉಪಕರಣಗಳ ಮೇಲೆ ಅವನಿಗೆ ಕೈ ಕುದುರಿತ್ತು. ಬೇರೆ ಬೇರೆ ಉದ್ದದ, ಬೇರೆ ಬೇರೆ ದಪ್ಪದ ತಂತಿಗಳಲ್ಲಿ ಎಷ್ಟೆಷ್ಟು ವಿದ್ಯುತ್ತು ಹರಿಯುತ್ತದೆ ಎಂದು ಅವನು ಅಳೆಯತೊಡಗಿದನು. ಆದರೆ ಆಗಿನ ವಿದ್ಯುತ್ಕೋಶಗಳು ಒಂದೇ ಸಮನೆ ವಿದ್ಯುತ್ತನ್ನು ಕೊಡುತ್ತಿರಲಿಲ್ಲ. ಅಳತೆಗಳು ಕ್ಷಣಕ್ಷಣಕ್ಕೆ ಬದಲಾಗುತ್ತಿದ್ದವು. ಆಗ ಪೊಗೆಂಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಓಮನು ತಾಮ್ರ ಮತ್ತು ಬಿಸ್ಮತ್ ಲೋಹಗಳ ಜೋಡಣೆಯನ್ನು ಬಳಸಿದನು. ಅದರ ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇರಿಸಿದಾಗ ಸ್ಥಿರವಾದ ವಿದ್ಯುತ್ತು ದೊರೆಯಿತು. 1826ರ ವೇಳೆಗೆ ಅವನ ಶ್ರಮ ಫಲಿಸಿತು. ತಂತಿ ಉದ್ದವಾದಷ್ಟೂ ಪ್ರವಾಹ ತಗ್ಗುತ್ತದೆ, ದಪ್ಪವಾದಷ್ಟೂ ಹೆಚ್ಚುತ್ತದೆ. ಉಷ್ಣತೆ ಬದಲಾಗದಿದ್ದರೆ, ವಾಹಕದಲ್ಲಿ ಹರಿಯುವ ಪ್ರವಾಹವು ಅದರ ತುದಿಗಳ ನಡುವಿನ ವಿಭವಾಂತರಕ್ಕೆ ಅನುಪಾತದಲ್ಲಿರುತ್ತದೆ. ಇದೇ ಓಮನ ನಿಯಮ.

1827ರಲ್ಲಿ ಬರ್ಲಿನ್‌ನಲ್ಲಿ ಅವನ ಗ್ರಂಥವು ಪ್ರಕಟವಾಯಿತು. ಇದರಿಂದ ತನಗೆ ವಿಶ್ವವಿದ್ಯಾನಿಲಯದಲ್ಲಿ ಸ್ಥಾನ ದೊರೆಯುವುದೆಂದು ಓಮನು ಆಶಿಸಿದ್ದನು. ದೊರೆತದ್ದು ತಿರಸ್ಕಾರ. ಗಣಿತದಿಂದ ತುಂಬಿದ ಅವನ ಬರವಣಿಗೆಯನ್ನು ಬಹುಮಂದಿ ಮೆಚ್ಚಲಿಲ್ಲ. ಕೆಲವರು ಕಟುವಾಗಿ ಟೀಕಿಸಿದರು. ಮನನೊಂದ ಓಮನು 1828ರಲ್ಲಿ ಕೊಲೋನಿನ ಕೆಲಸಕ್ಕೆ ರಾಜೀನಾಮೆ ಕೊಟ್ಟನು. ಕೆಲವು ವರ್ಷಗಳ ಕಾಲ ಸ್ಥಿರವಾದ ಹುದ್ದೆಯಿಲ್ಲದೆ ದಿನಗಳನ್ನು ನೂಕಿ, 1833ರಲ್ಲಿ ನ್ಯೂರೆಂಬರ್ಗಿನ ತಾಂತ್ರಿಕ ಶಾಲೆಯನ್ನು ಸೇರಿದನು.

ಸತ್ಯವು ಬಹುಕಾಲ ಮರೆಯಲ್ಲಿರದು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಓಮನಿಗೆ ಕಾಪ್ಲೆ ಪದಕವನ್ನಿತ್ತು ಗೌರವಿಸಿತು. ಜೀವಮಾನವೆಲ್ಲ ಹಂಬಲಿಸಿದ ಪ್ರಾಧ್ಯಾಪಕ ಪದವಿ 1852ರಲ್ಲಿ ಮ್ಯೂನಿಕ್ಕಿನಲ್ಲಿ ದೊರೆಯಿತು. ಅದನ್ನು ಅವನು ಅನುಭವಿಸಿದ್ದು ಎರಡೇ ವರ್ಷ. 1854ರ ಜುಲೈ 6ರಂದು ಓಮನು ನಿಧನನಾದನು. 1881ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ರೋಧದ ಮಾನಕ್ಕೆ ಓಮ್ ಎಂಬ ಹೆಸರನ್ನು ಅಂಗೀಕರಿಸಿತು.

ಓಮನ ನಿಯಮವು ಪುಸ್ತಕದಲ್ಲಿ ಮಾತ್ರ ಉಳಿಯುವ ವಿಷಯವಲ್ಲ. 230 ವೋಲ್ಟಿನಲ್ಲಿ ಕೆಲಸಮಾಡುವ 1000 ವಾಟ್ ಇಸ್ತ್ರಿಪೆಟ್ಟಿಗೆಯ ರೋಧವು ಸುಮಾರು 53 ಓಮ್ ಎಂದು ಲೆಕ್ಕದಿಂದಲೇ ತಿಳಿಯಬಹುದು. ಪ್ಲಗ್ಗನ್ನು ಗೋಡೆಯಿಂದ ಕಳಚಿ, ಅದರ ಎರಡು ಚಿಕ್ಕ ಕಡ್ಡಿಗಳ ನಡುವೆ ಮಲ್ಟಿಮೀಟರಿನಿಂದ ಅಳೆದಾಗ ಅದಕ್ಕೆ ಸಮೀಪದ ಸಂಖ್ಯೆ ಬಂದರೆ ಸುರುಳಿ ಸರಿಯಾಗಿದೆ. ರೋಧವು ಅಳತೆಗೆ ಸಿಗದಷ್ಟು ಹೆಚ್ಚಾಗಿದ್ದರೆ ಸುರುಳಿಯೋ ತಂತಿಯೋ ಎಲ್ಲಿಯೋ ಕಡಿದಿರಬಹುದು. ಭೂಸಂಪರ್ಕದ ದಪ್ಪ ಕಡ್ಡಿಗೂ ಚಿಕ್ಕ ಕಡ್ಡಿಗೂ ನಡುವೆ ಕಡಿಮೆ ರೋಧ ಕಂಡರೆ ಪೆಟ್ಟಿಗೆಯ ಮೈಗೆ ವಿದ್ಯುತ್ತು ಸೋರುತ್ತದೆಂದು ಅರ್ಥ. ಅಂಥದನ್ನು ಮುಟ್ಟುವುದೇ ಅಪಾಯ. ರೋಧವನ್ನು ಅಳೆಯುವಾಗ ಮಲ್ಟಿಮೀಟರು ತನ್ನ ಒಳಗಿನ ಬ್ಯಾಟರಿಯಿಂದ ಅತ್ಯಲ್ಪ ವಿದ್ಯುತ್ತನ್ನು ಹರಿಸುತ್ತದೆ. ಆದ್ದರಿಂದ ಮನೆಯ ವಿದ್ಯುತ್ತು ಹರಿಯುತ್ತಿರುವ ತಂತಿಯಲ್ಲಿ ರೋಧವನ್ನು ಎಂದಿಗೂ ಅಳೆಯಬಾರದು. ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ತಿಳಿಯಲು ಉಪಕರಣವನ್ನು ವೋಲ್ಟಿನ ಅಳತೆಗೆ ತಿರುಗಿಸಿ, ಮೊದಲು ವಿದ್ಯುತ್ತಿರುವ ಕಡೆ, ಬಳಿಕ ಆ ತಂತಿಯಲ್ಲಿ, ಮತ್ತೆ ವಿದ್ಯುತ್ತಿರುವ ಕಡೆ ಪರೀಕ್ಷಿಸುವುದು ಬಲ್ಲವರ ಕ್ರಮ. ಕೆಟ್ಟ ಉಪಕರಣವೂ ಸೊನ್ನೆಯನ್ನೇ ತೋರಿಸೀತು! ಇದು ಪರಿಣತರ ಕೆಲಸ. ವಿದ್ಯಾರ್ಥಿಗಳು ತಾವಾಗಿ ಮಾಡತಕ್ಕದ್ದಲ್ಲ.

ಮನುಷ್ಯನ ದೇಹಕ್ಕೂ ಈ ನಿಯಮ ಅನ್ವಯಿಸುತ್ತದೆ. ಒಣಗಿದ ಚರ್ಮದ ರೋಧ ಹೆಚ್ಚು. ಒದ್ದೆಯಾದಾಗ ಅದು ಸುಮಾರು 1000 ಓಮಿಗೆ ಇಳಿಯಬಹುದು. ಆಗ 230 ವೋಲ್ಟಿನ ತಂತಿಯನ್ನು ಮುಟ್ಟಿದರೆ 0.23 ಆಂಪೇರ್ ಪ್ರವಾಹವು ಮೈಯಲ್ಲಿ ಹರಿಯುತ್ತದೆ. 0.03 ಆಂಪೇರ್ ಹರಿದರೂ ಸ್ನಾಯುಗಳು ಬಿಗಿದು, ಹಿಡಿದ ತಂತಿಯನ್ನು ಬಿಡಲಾಗದ ಸ್ಥಿತಿ ಒದಗುತ್ತದೆ. ಹೀಗಿರುವಾಗ 0.23 ಆಂಪೇರ್ ಪ್ರಾಣವನ್ನೇ ತೆಗೆಯಬಲ್ಲುದು. ಕಾಲುವೆಯ ನೀರು ಹರಿಯುವ ಗದ್ದೆಯಲ್ಲಿ ಒದ್ದೆಗೈಯಿಂದ ಪಂಪಿನ ಗುಂಡಿಯನ್ನು ಮುಟ್ಟಬಾರದೆಂಬ ಎಚ್ಚರಿಕೆಯ ಹಿಂದೆ ಇರುವುದು ಈ ಲೆಕ್ಕವೇ.

ಮಸ್ಕಿಯ ಬಂಡೆಯ ಮೇಲಿನ ಶಾಸನವು 1915ರಲ್ಲಿ ಬೆಳಕಿಗೆ ಬಂದಾಗ, ದೇವಾನಾಂಪ್ರಿಯನೆಂಬ ಅರಸನು ಅಶೋಕನೇ ಎಂಬುದು ದೃಢಪಟ್ಟಿತು. ಅರಸನ ಹೆಸರನ್ನು ಕಲ್ಲು ಕಾಪಾಡಿತು. ಬಡ ಉಪಾಧ್ಯಾಯನಾದ ಓಮನ ಹೆಸರನ್ನು ಕಾಪಾಡಿದ್ದು ಅವನ ನಿಷ್ಠೆಯ ದುಡಿಮೆ. ತಿರಸ್ಕಾರಕ್ಕೆ ಅಂಜದೆ ಅವನು ಹಿಡಿದ ಸತ್ಯವು ಇಂದು ಕೋಟ್ಯಂತರ ಮನೆಗಳಲ್ಲಿ ಜೀವಗಳನ್ನು ಕಾಯುತ್ತಿದೆ.