ಶ್ರೀ ಚನ್ನಬಸವ ಪಟ್ಟದ್ದೇವರು

ಭಾಲ್ಕಿ ಹಿರೇಮಠದ ಪೂಜ್ಯ ಶ್ರೀ ಚನ್ನಬಸವ ಪಟ್ಟದ್ದೇವರು ಔರಾದ ಸೀಮೆಯ ಕಮಲನಗರದಲ್ಲಿ ಜನಿಸಿದವರು. ನಿಜಾಮರ ಆಳಿಕೆಯಲ್ಲಿ ಬೀದರ ಪ್ರಾಂತದ ಶಾಲೆ, ಕಚೇರಿಗಳಲ್ಲೆಲ್ಲ ಉರ್ದುವಿನದೇ ಅಧಿಕಾರವಿದ್ದು, ಕನ್ನಡದ ಮಕ್ಕಳಿಗೆ ತಾಯ್ನುಡಿಯ ಅಕ್ಷರವೇ ದುರ್ಲಭವಾಗಿದ್ದಿತು. ಶ್ರೀಗಳವರು ಹೊರಗೆ ಉರ್ದು ಫಲಕವನ್ನು ತೂಗಿಸಿ ಒಳಗೆ ಕನ್ನಡವನ್ನು ಕಲಿಸಿದರು. ಸರಕಾರಕ್ಕೆ ಸುಳಿವು ಹತ್ತಿದ್ದರೆ ಶಾಲೆಗೇ ಸಂಚಕಾರ. ಇಂತಹ ಕಾರ್ಯಕ್ಕೆ ಮಕ್ಕಳನ್ನೊಪ್ಪಿಸಬೇಕಾದರೆ ತಂದೆತಾಯಿಗಳಿಗೆ ಜಾಮೀನು ಯಾವುದು? ಶ್ರೀಗಳವರ ನಡೆಯೊಂದೇ, ಪೀಠದ ಹಿರಿಮೆಯಲ್ಲ. ಪೀಠದಲ್ಲಿದ್ದೂ ಅವರು ಕಟ್ಟಡದ ಇಟ್ಟಿಗೆಗಳನ್ನು ತಾವೇ ಹೊತ್ತರು. ಕುಲವನ್ನೆಣಿಸದೆ ಬಡಮಕ್ಕಳಿಗೆ ಅನ್ನವನ್ನೂ ಆಶ್ರಯವನ್ನೂ ಇತ್ತರು. 1936ರಲ್ಲಿ ಅವರಿಂದ ಸ್ಥಾಪಿತವಾದ ಶಾಂತಿವರ್ಧಕ ವಿದ್ಯಾಸಂಸ್ಥೆಯು ಆ ಸೀಮೆಯಲ್ಲಿ ಬೇರೂರಿತು. 1948ರಲ್ಲಿ ನಿಜಾಮರ ಆಳಿಕೆ ಮುಗಿದು, 1956ರಲ್ಲಿ ಬೀದರವು ಕನ್ನಡನಾಡಿನೊಳಗೆ ಸೇರಿತು. ಅದನ್ನು ಕಣ್ಣಾರೆ ಕಂಡ ಶ್ರೀಗಳವರು, ನೂರು ವರುಷಗಳನ್ನು ದಾಟಿ, 1999ರಲ್ಲಿ ಲಿಂಗೈಕ್ಯರಾದರು.